ಕೆಳಗೆ ಇಳಿದವರು

ಪುಟ್ಟೇನಹಳ್ಳಿ, ಯಲಹಂಕ
18 ನವೆಂಬರ್ 2024

ಚಿ. ಸೌ. ಪಂಕಜಾಗೆ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಶನಿವಾರ ಬಂತು. “ಆಕರ್ಷ್‌ಗೆ ನಿನ್ನ ಮಾತು ಬೇಕಾಗಿದೆ, ಈ ವಾರವೇ ರೈಲು ಹತ್ತಿ ಬಾ” ಎಂದು ಎರಡು ಸಾಲು ಬರೆದು ಮುಗಿಸಿದ್ದೀಯ, ನಾಗಪುರ ಪಕ್ಕದ ಬೀದಿಯಲ್ಲಿದೆ ಎನ್ನುವ ಹಾಗೆ. ಯಾವ ಮಾತು, ಯಾತಕ್ಕೆ, ಒಂದೂ ಇಲ್ಲ. ಚಿಕ್ಕವಳಿದ್ದಾಗಲೂ ನೀನು ಹೀಗೆಯೇ. ಯಶವಂತಪುರದ ಕ್ವಾರ್ಟರ್ಸ್‌ನಲ್ಲಿ ಅಪ್ಪನನ್ನು ಏನಾದರೂ ಕೇಳಬೇಕಾದರೆ ನನ್ನನ್ನು ಮುಂದೆ ನೂಕಿ ಬಾಗಿಲ ಹಿಂದೆ ನಿಲ್ಲುತ್ತಿದ್ದೆ.

ಫೋನಿನಲ್ಲಿ ಕೇಳೋಣವೆಂದರೆ ನನ್ನ ಕಿವಿಯ ಕಥೆ ನಿನಗೆ ಗೊತ್ತು. ಮೂವತ್ತೇಳು ವರ್ಷ ಇಂಜಿನ್‌ನಲ್ಲಿ ಕೂತದ್ದಕ್ಕೆ ಬಲಗಿವಿ ಪೂರ್ತಿ ಹೋಯಿತು. ಎಡಗಿವಿಗೆ ಮಿಷನ್ ಹಾಕಿಕೊಂಡರೆ ಎದುರಿಗಿದ್ದವರು ಕೂಗಿ ಹೇಳಿದ್ದು ಅರ್ಧ ಕೇಳಿಸುತ್ತದೆ. ಫೋನಿನಲ್ಲಿ ಬರೀ ಗೊರಗೊರ. ಹಾಗಾಗಿ ನಮಗೆ ಅಂಚೆಯಣ್ಣನೇ ಗತಿ.

ಬರುತ್ತೇನೆ. ಆದರೆ ರೈಲಿನಲ್ಲಲ್ಲ, ನನ್ನ ಕಾರಿನಲ್ಲಿ. ಈ ವಾರವೂ ಅಲ್ಲ, ಡಿಸೆಂಬರ್ ಕೊನೆಗೆ. ಮೇಲಿನ ಬರ್ತಿಗೆ ಹತ್ತಲು ನನ್ನ ಸೊಂಟ ಒಪ್ಪುವುದಿಲ್ಲ. ಮತ್ತೆ ನೋಡು, ಮನೆಯಿಂದ ಹೊರಟು ಬಳ್ಳಾರಿ ರಸ್ತೆ ಸೇರಿ ಎಡಕ್ಕೆ ತಿರುಗಿದರೆ ಆಮೇಲೆ ತಿರುವೇ ಇಲ್ಲ, ಅದೇ ರಸ್ತೆ ನೆಟ್ಟಗೆ ನಿಮ್ಮೂರಿಗೆ ಹೋಗುತ್ತದೆ. ಇಷ್ಟು ವರ್ಷ ಇಲ್ಲಿದ್ದು ಆ ರಸ್ತೆಯಲ್ಲಿ ದೇವನಹಳ್ಳಿ ದಾಟಿಲ್ಲ. ಚಳಿಗಾಲವಾದರೆ ಟೈರು ಕಾಯುವುದಿಲ್ಲ, ನಿಧಾನವಾಗಿ ಮೂರು ದಿನದಲ್ಲಿ ಬರಬಹುದು. ಕರ್ನೂಲಿನಲ್ಲಿ ಒಂದು ರಾತ್ರಿ, ಆದಿಲಾಬಾದಿನಲ್ಲಿ ಒಂದು ರಾತ್ರಿ. ಬರುವಾಗ ಅವರೆಕಾಯಿ ತರುತ್ತೇನೆ.

ನಿನ್ನ ಅತ್ತಿಗೆ ಶಾಂತಲಾ ಇದನ್ನು ಓದಿ “ಅರವತ್ತಕ್ಕೆ ಅರಳು ಮರಳು” ಎಂದಳು. ನನಗೆ ಅರವತ್ತೇಳು, ಆ ಗಾದೆಯ ಅವಧಿ ಮುಗಿಯಿತು ಎಂದೆ. ಆಕರ್ಷ್‌ಗೆ ಹೇಳು, ಮಾವ ಬಂದ ಮೇಲೆ ಅವನ ಇಂಜಿನ್ ನೋಡಬೇಕಂತೆ ಎಂದು. ನಮ್ಮ ಮನೆಯಿಂದ ಇನ್ನೊಬ್ಬ ಇಂಜಿನ್ ಹತ್ತಿದ್ದಾನೆ ಎಂದು ನಾನು ಇಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೇನೆ.

ನಿನ್ನ ಅಣ್ಣ,
ಸುಬ್ರಹ್ಮಣ್ಯ


ಅಜನಿ ರೈಲ್ವೆ ಕ್ವಾರ್ಟರ್ಸ್, ನಾಗಪುರ
24 ನವೆಂಬರ್ 2024

ಅಣ್ಣನಿಗೆ ಪಂಕಜಾ ಮಾಡುವ ನಮಸ್ಕಾರ.

ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವ ಹಾಗಾಯಿತು. ಸಾವಿರದ ಮೇಲೆ ಕಿಲೋಮೀಟರು, ಈ ವಯಸ್ಸಿನಲ್ಲಿ, ಕಿವಿ ಕೇಳದವನು, ಒಬ್ಬನೇ. ಹಿಂದಿನಿಂದ ಲಾರಿ ಹಾರ್ನ್ ಮಾಡಿದರೆ ನಿನಗೆ ಗೊತ್ತಾಗುತ್ತದೆಯೇ? ಇಲ್ಲಿ ಬೆಳಿಗ್ಗೆ ಎಂಟಾದರೂ ಮಂಜು ಬಿಡುವುದಿಲ್ಲ. ತತ್ಕಾಲ್‌ನಲ್ಲಿ ಕೆಳಗಿನ ಬರ್ತ್ ನಾನೇ ಮಾಡಿಸಿ ಕೊಡುತ್ತೇನೆ. ಒಂದು ರಾತ್ರಿ, ಒಂದು ಹಗಲು, ಅಷ್ಟೇ. ದಯವಿಟ್ಟು ರೈಲಿನಲ್ಲಿ ಬಾ.

ಆಕರ್ಷ್ ಸ್ವಲ್ಪ ದಿನದಿಂದ ರಜೆಯಲ್ಲಿದ್ದಾನೆ. ಮೈ ಬೆಚ್ಚಗಿತ್ತು, ಈಗ ಪರವಾಗಿಲ್ಲ. ಊಟ ಅಷ್ಟಕ್ಕಷ್ಟೆ. ಮುಂದಿನ ರೂಮು ಯಾರ್ಡ್ ಕಡೆಗಿದೆಯಲ್ಲ, ಗಲಾಟೆ ಜಾಸ್ತಿ ಅಂತ ಹಿಂದಿನ ರೂಮಿಗೆ ಹಾಸಿಗೆ ಹಾಕಿಕೊಟ್ಟಿದ್ದೇನೆ. ನಿನ್ನ ಮಾತೆಂದರೆ ಅವನಿಗೆ ವೇದ. ಐದನೇ ಕ್ಲಾಸಿನಿಂದ ನೀನು ಹೇಳಿದ ಇಂಜಿನ್ ಕಥೆ ಕೇಳಿಯೇ ಅವನು ಆ ಪರೀಕ್ಷೆ ಬರೆದದ್ದು. ಅದಕ್ಕೇ ನಿನ್ನನ್ನು ಕರೆದೆ.

ಅತ್ತಿಗೆಯ ಫೋನಿಗೆ ಇದನ್ನೆಲ್ಲ ಹೇಳಲಾರೆ. ಈ ಕ್ವಾರ್ಟರ್ಸ್‌ನ ಗೋಡೆ ತೆಳು, ನಾನು ಮಾತಾಡಿದ್ದೆಲ್ಲ ಅವನಿಗೆ ಕೇಳಿಸುತ್ತದೆ. ಅವನಿಗೆ ಗೊತ್ತಾಗದ ಹಾಗೆ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಡಿಸೆಂಬರ್ ಕೊನೆ ಎಂದರೆ ತಡವಾಗುತ್ತದೆ ಅಣ್ಣ.

ಪಂಕಜಾ


ಪುಟ್ಟೇನಹಳ್ಳಿ
30 ನವೆಂಬರ್ 2024

ಪಂಕಜಾಗೆ ಆಶೀರ್ವಾದ.

ನೀನು ಹೇಳದೆ ಬಿಟ್ಟದ್ದು ನನಗೆ ಅರ್ಥವಾಯಿತು. ಹುಡುಗ ಕೆಲಸ ಬಿಡುತ್ತೇನೆ ಎನ್ನುತ್ತಿದ್ದಾನೆ, ಅದಕ್ಕೇ ಈ ರಜೆ, ಈ ಜ್ವರ. ಮೊದಲ ಎರಡು ವರ್ಷ ಎಲ್ಲರಿಗೂ ಹೀಗೆ ಅನ್ನಿಸುತ್ತದೆ. ನಿದ್ದೆಗೆ ಹೊತ್ತಿಲ್ಲ, ಊಟಕ್ಕೆ ಹೊತ್ತಿಲ್ಲ, ಹಬ್ಬಕ್ಕೆ ಮನೆಯಲ್ಲಿಲ್ಲ. ನನಗೂ ಅನ್ನಿಸಿತ್ತು. ಅಪ್ಪ ಶೆಡ್ಡಿನಿಂದ ಬಂದವನು ಕೈಯ ಗ್ರೀಸು ಕೂಡ ಒರೆಸಿಕೊಳ್ಳದೆ, “ನಾಳೆ ಡ್ಯೂಟಿಗೆ ಹೋಗ್ತೀಯೋ, ಮನೆ ಬಿಟ್ಟು ಹೋಗ್ತೀಯೋ?” ಎಂದು ಕೇಳಿದ. ಡ್ಯೂಟಿಗೆ ಹೋದೆ. ಭಾವನವರು ಅವನನ್ನು ಮುದ್ದು ಮಾಡಿ ಹಾಳು ಮಾಡುತ್ತಿದ್ದಾರೆ.

ಇದು ಓಡಿ ಬರುವಂಥ ಸಂಗತಿಯೇನಲ್ಲ. ನಾನು ಬರುವುದು ಕಾರಿನಲ್ಲೇ, ಅದನ್ನು ಬಿಡು. ಗಾಡಿಯನ್ನು ಅಮೃತಹಳ್ಳಿಯಲ್ಲಿ ವಹಾಬ್‌ನ ಗ್ಯಾರೇಜಿಗೆ ಕೊಡಬೇಕು. ಒಂದು ಕಾಲಕ್ಕೆ ವಹಾಬ್ ನನ್ನ ಅಸಿಸ್ಟೆಂಟ್ ಆಗಿದ್ದ, ನನ್ನ ಜೊತೆ ಇಂಜಿನ್‌ನಲ್ಲಿ ಕೂತಿದ್ದವನು. ಸರ್ಕಾರಿ ಕೆಲಸ ಬಿಟ್ಟು ಸ್ಪಾನರ್ ಹಿಡಿದ. ನಿಮ್ಮ ಹುಡುಗನಿಗೆ ಅವನ ಉದಾಹರಣೆ ಕೊಡುತ್ತೇನೆ ಬಂದಾಗ, ಹೀಗೆ ಮಾಡಬಾರದು ಎಂದು.

ದಾರಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಬೆಳಿಗ್ಗೆ ಮಂಜು ಬಿಟ್ಟ ಮೇಲೆ ಹೊರಡುವುದು, ಸಂಜೆ ಐದಕ್ಕೆ ನಿಲ್ಲುವುದು, ಎರಡು ಗಂಟೆಗೊಮ್ಮೆ ಇಳಿದು ಕಾಲಾಡಿಸುವುದು. ರೈಲಿನ ಟೈಂ ಟೇಬಲ್ಲಿನ ಹಾಗೆಯೇ ಇದೆ ಎಂದು ಶಾಂತಲಾ ಹೇಳಿದಳು. ಕಿವಿಯ ಬದಲಿಗೆ ಮೂರು ಕನ್ನಡಿ ಇವೆ, ಹೆದರಬೇಡ.

ಸುಬ್ರಹ್ಮಣ್ಯ


ನಾಗಪುರ
5 ಡಿಸೆಂಬರ್ 2024

ಅಣ್ಣ,

ನಿನಗೆ ಅರ್ಥವಾಗಿಲ್ಲ. ತಪ್ಪು ನನ್ನದು, ಹೇಳದೆ ಅರ್ಥವಾಗಲಿ ಎಂದುಕೊಂಡೆ.

ನವೆಂಬರ್ ಮೂರರಂದು ಬೆಳಗಿನ ಜಾವ, ಹಿಂಗಣಘಾಟದ ಹತ್ತಿರ, ಆಕರ್ಷ್‌ನ ಗಾಡಿಗೆ ಒಬ್ಬ ಮನುಷ್ಯ ಸಿಕ್ಕ. ಅವನಾಗಿ ಬಂದನೋ, ಹಳಿ ದಾಟುತ್ತಿದ್ದನೋ ಯಾರಿಗೂ ತಿಳಿಯದು. ಗಾಡಿ ನಿಂತ ಮೇಲೆ ಡ್ರೈವರು ಆಕರ್ಷ್‌ಗೆ ಟಾರ್ಚ್ ಕೊಟ್ಟು ಕೆಳಗೆ ಕಳಿಸಿದರಂತೆ, ನೋಡಿಕೊಂಡು ಬಾ ಎಂದು. ಹೋದವನು ಇಪ್ಪತ್ತು ನಿಮಿಷವಾದರೂ ಬರಲಿಲ್ಲವಂತೆ. ಬಂದ ಮೇಲೆ ಏನು ನೋಡಿದೆ ಎಂದರೆ ಹೇಳಲಿಲ್ಲ. ಅಸಿಸ್ಟೆಂಟ್ ಆದವನು ಒಂದೊಂದು ಸಿಗ್ನಲ್ಲಿನ ಬಣ್ಣವನ್ನೂ ಬಾಯಿಬಿಟ್ಟು ಕೂಗಬೇಕಲ್ಲ. ಹಿಂಗಣಘಾಟದಿಂದ ನಾಗಪುರದವರೆಗೆ ಇವನು ಒಂದನ್ನೂ ಕೂಗಲಿಲ್ಲವಂತೆ. ಡ್ರೈವರೇ ಮನೆಗೆ ಕರೆತಂದು ಬಿಟ್ಟು, “ಹುಡುಗನ್ನ ಸ್ವಲ್ಪ ದಿನ ಇಟ್ಕೊಳ್ಳಿ” ಎಂದು ಹೇಳಿ ಹೋದರು. ಒಳ್ಳೆಯವರು, ಅವರ ಕಣ್ಣಲ್ಲೂ ನೀರಿತ್ತು.

ಅವತ್ತಿನಿಂದ ಇವನು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಯಾರ್ಡಿನಲ್ಲಿ ಹಾರ್ನ್ ಆದರೆ ತಟ್ಟೆ ಬಿಟ್ಟು ಏಳುತ್ತಾನೆ. ರಾತ್ರಿ ಕೈ ತೊಳೆಯುತ್ತಾ ನಿಂತಿರುತ್ತಾನೆ. ಡಾಕ್ಟರ ಹತ್ತಿರ ಹೋಗಿದ್ದೇವೆ, ಮಾತ್ರೆ ಕೊಟ್ಟಿದ್ದಾರೆ, ಮಾತಾಡಿಸಿ ಎಂದಿದ್ದಾರೆ. ನಾನು ಏನೆಂದು ಮಾತಾಡಿಸಲಿ? ಇವರು ಲೆಕ್ಕಪತ್ರದ ಆಫೀಸಿನಲ್ಲಿ ಕೂತವರು, ಇವರಿಗೇನು ಗೊತ್ತು? ನಮ್ಮ ವಂಶದಲ್ಲಿ ಆ ಜಾಗದಲ್ಲಿ ಕೂತು ಬಂದವನು ನೀನೊಬ್ಬ. ನಿನಗೂ ಹೀಗೆ ಆಗಿರಬೇಕು. ನೀನು ಹೇಗೆ ತಡೆದುಕೊಂಡೆ ಎಂದು ಅವನಿಗೆ ಹೇಳು, ಅಷ್ಟೇ ನಾನು ಕೇಳುತ್ತಿರುವುದು.

ಬರುವವರೆಗೆ ಒಂದು ಕಾಗದವನ್ನಾದರೂ ಅವನ ಹೆಸರಿಗೆ ಬರೆ.

ಪಂಕಜಾ


ಪುಟ್ಟೇನಹಳ್ಳಿ
9 ಡಿಸೆಂಬರ್ 2024

ಪಂಕಜಾ,

ಮೊದಲೇ ಹೇಳಬಾರದಿತ್ತೇ? ಇದು ನಮ್ಮ ಕೆಲಸದಲ್ಲಿ ಇದ್ದದ್ದೇ. ಹೆದರುವಂಥದ್ದಲ್ಲ. ಈ ಕೆಳಗಿನದನ್ನು ಅವನಿಗೆ ಓದಲು ಕೊಡು.

ಚಿ. ಆಕರ್ಷ್‌ಗೆ ಮಾವನ ಆಶೀರ್ವಾದ. ಅಮ್ಮ ಬರೆದದ್ದು ಓದಿದೆ. ಗಾಡಿ ನಿಲ್ಲಿಸಲು ಆಗುವಷ್ಟು ದೂರ ಇರಲಿಲ್ಲ ಎಂದ ಮೇಲೆ ನಿನ್ನದಾಗಲಿ ನಿನ್ನ ಡ್ರೈವರದ್ದಾಗಲಿ ತಪ್ಪಿಲ್ಲ. ಅದನ್ನು ಮೊದಲು ತಲೆಯಲ್ಲಿ ಇಟ್ಟುಕೋ. ನನ್ನ ಡ್ಯೂಟಿಯಲ್ಲಿ ಇಂಥವು ಹನ್ನೊಂದು ಆಗಿವೆ. ಮೊದಲನೆಯದು ಎಲ್ಲರಿಗೂ ಕಷ್ಟ. ಎರಡನೆಯದಕ್ಕೆ ಅಭ್ಯಾಸವಾಗುತ್ತದೆ. ನಾನು ನನ್ನ ಹುಡುಗರಿಗೆ ಹೇಳುತ್ತಿದ್ದದ್ದು ಇಷ್ಟೇ: ಕೈ ತೊಳೆ, ಟೀ ಕುಡಿ, ಮುಂದಿನ ಸಿಗ್ನಲ್ ನೋಡು. ಹಿಂದೆ ಆದದ್ದು ಹಿಂದಿನ ಸ್ಟೇಷನ್ನಿಗೆ ಸೇರಿದ್ದು. ಮನೆಯಲ್ಲಿ ಕೂತಷ್ಟೂ ಮನಸ್ಸು ತುಕ್ಕು ಹಿಡಿಯುತ್ತದೆ. ಬೇಗ ಡ್ಯೂಟಿಗೆ ಹೋಗು.

ಪಂಕಜಾ, ಇಷ್ಟು ಸಾಕು. ನೋಡುತ್ತಿರು, ವಾರದಲ್ಲಿ ಸರಿಹೋಗುತ್ತಾನೆ. ನಾನು ಗೊತ್ತು ಮಾಡಿದಂತೆ ಇಪ್ಪತ್ತೇಳಕ್ಕೆ ಹೊರಡುತ್ತೇನೆ.

ಸುಬ್ರಹ್ಮಣ್ಯ


ನಾಗಪುರ
14 ಡಿಸೆಂಬರ್ 2024

ಅಣ್ಣ,

ನಿನ್ನ ಕಾಗದ ಅವನು ಎರಡು ಸಲ ಓದಿದ. ಮಡಿಸಿ ನನ್ನ ಕೈಗೆ ಕೊಟ್ಟು, “ಅಮ್ಮ, ಎರಡನೇದೂ ಇರತ್ತಾ?” ಎಂದು ಕೇಳಿದ. ಅದಾದ ಮೇಲೆ ಅವನು ಬಾಯಿ ತೆರೆದಿಲ್ಲ. ಆ ನಾಲ್ಕು ಮಾತೂ ಹೋಯಿತು.

ನಿನ್ನೆ ಅವನ ರೂಮಿನ ಬಾಗಿಲ ಚಿಲಕವನ್ನು ಇವರು ಬಿಚ್ಚಿ ತೆಗೆದರು. ನಾನು ಅಲ್ಲೇ ನೆಲದ ಮೇಲೆ ಮಲಗುತ್ತಿದ್ದೇನೆ.

ನೀನು ಬರುವುದು ಬೇಡ. ಕಾರಿನಲ್ಲೂ ಬೇಡ, ರೈಲಿನಲ್ಲೂ ಬೇಡ.

ಪಂಕಜಾ


ಪುಟ್ಟೇನಹಳ್ಳಿ
27 ಡಿಸೆಂಬರ್ 2024

ಪಂಕಜಾ,

ಒಂಬತ್ತು ದಿನ ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಇವತ್ತು ಹೊರಡಬೇಕಿದ್ದ ದಿನ, ಹೊರಟಿಲ್ಲ. ಮೊದಲು ಸಿಟ್ಟು ಬಂತು. ಒಳ್ಳೆಯದಕ್ಕೆ ಹೇಳಿದರೆ ಹೀಗೆಯೇ ಎಂದುಕೊಂಡೆ. ಶಾಂತಲಾ ನನ್ನ ಕಾಗದದಲ್ಲಿ ಏನಿತ್ತು ಎಂದು ಕೇಳಿದಳು. ಹೇಳಿದೆ. ಅವಳು ಎದ್ದು ಹೋದಳು.

ಸೋಮವಾರ ಗಾಡಿ ತರಲು ವಹಾಬ್‌ನ ಗ್ಯಾರೇಜಿಗೆ ಹೋದೆ. ಸರ್ವಿಸು ಆಗಿತ್ತು, ಹೊಸ ವೈಪರ್ ಹಾಕಿದ್ದ. ಯಾವಾಗ ಹೊರಡ್ತೀರ ಸಾರ್ ಎಂದು ಕೇಳಿದ. ಹೋಗುವುದಿಲ್ಲ ಎಂದು ಹೇಳಿ, ಯಾಕೆ ಎಂದೂ ಹೇಳಿದೆ. ಅವನು ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತ. ನನ್ನ ಎಡಗಿವಿಗೆ ಬಾಯಿಟ್ಟು ಮಾತಾಡುವುದು ಅವನಿಗೆ ಅಭ್ಯಾಸ.

“ಸಾರ್, ನೀವು ಯಾವತ್ತಾದ್ರೂ ಇಳಿದಿದ್ರಾ?” ಎಂದ.

ಏನು ಇಳಿಯುವುದು ಎಂದೆ.

“ಗಾಡಿಯಿಂದ ಸಾರ್. ನೋಡಕ್ಕೆ.”

ಪಂಕಜಾ, ನಿನಗೆ ಇದು ಗೊತ್ತಿಲ್ಲದೆ ಇರಬಹುದು. ಗಾಡಿ ನಿಂತಾಗ ಒಬ್ಬರು ಇಂಜಿನ್‌ನಲ್ಲಿ ಇರಲೇಬೇಕು, ಅದು ಡ್ರೈವರು. ಇಳಿದು ಹೋಗಿ ನೋಡುವವನು ಅಸಿಸ್ಟೆಂಟ್. ಚಕ್ರದ ಕೆಳಗೆ ಟಾರ್ಚ್ ಬಿಡುವವನು, ಪಕ್ಕಕ್ಕೆ ಸರಿಸುವವನು ಅವನು. ನಾನು ಅಸಿಸ್ಟೆಂಟ್ ಆಗಿದ್ದ ಹನ್ನೊಂದು ವರ್ಷ ನನ್ನ ಗಾಡಿಗೆ ಎಮ್ಮೆ ಬಿಟ್ಟು ಮತ್ತೇನೂ ಸಿಗಲಿಲ್ಲ. ಹನ್ನೊಂದು ಜನ ಸಿಕ್ಕಿದ್ದು ನಾನು ಡ್ರೈವರಾದ ಇಪ್ಪತ್ತಾರು ವರ್ಷದಲ್ಲಿ. ಹನ್ನೊಂದು ಸಲವೂ ನಾನು ಸೀಟಿನಲ್ಲಿದ್ದೆ, ಯಾರನ್ನೋ ಇಳಿಸಿದೆ. ನಾನು ಒಬ್ಬರ ಮುಖವನ್ನೂ ನೋಡಿಲ್ಲ. ಎರಡನೆಯದಕ್ಕೆ ಅಭ್ಯಾಸವಾಗುತ್ತದೆ ಎಂದು ಬರೆದೆನಲ್ಲ, ಅಭ್ಯಾಸವಾದದ್ದು ನೋಡದವನಿಗೆ.

ಎರಡು ಸಾವಿರದ ಮೂರರಲ್ಲಿ ಗೌರಿಬಿದನೂರು ದಾಟಿದ ಮೇಲೆ ಒಬ್ಬ ಹೆಂಗಸು ಸಿಕ್ಕಳು, ತಲೆಯ ಮೇಲೆ ಹುಲ್ಲಿನ ಹೊರೆ ಇತ್ತು. ಇಳಿದದ್ದು ವಹಾಬ್. ಹೊತ್ತಾಯಿತೆಂದು ನಾನು ಎರಡು ಸಲ ಹಾರ್ನ್ ಹೊಡೆದು ಕರೆದೆ. ಬಂದ ಮೇಲೆ ಏಳು ನಿಮಿಷ ಲೇಟು ಎಂದು ಬೈದೆ. ಒಂದು ತಿಂಗಳಿಗೆ ಅವನು ಕೆಲಸ ಬಿಟ್ಟ. ಅವನಿಗೆ ಹಿಂಡಿ ತಿನ್ನುವ ಬುದ್ಧಿ, ಬೆಲ್ಲ ಸೇರುವುದಿಲ್ಲ ಎಂದು ಇಷ್ಟು ವರ್ಷ ಎಲ್ಲರೆದುರು ಹಾಸ್ಯ ಮಾಡಿಕೊಂಡು ಬಂದೆ. ಅವನೂ ನಗುತ್ತಿದ್ದ.

“ಆಯಮ್ಮನ ಸೀರೆ ಸರಿ ಮಾಡ್ತಿದ್ದೆ ಸಾರ್” ಎಂದ ಸೋಮವಾರ. “ಅಷ್ಟರಲ್ಲಿ ನೀವು ಹಾರ್ನ್ ಹೊಡೆದ್ರಿ. ಇಪ್ಪತ್ತೊಂದು ವರ್ಷ ಆಯ್ತು, ಏನ್ ನೋಡ್ದೆ ವಹಾಬ್ ಅಂತ ನೀವು ಒಂದ್ ಸಲನೂ ಕೇಳಲಿಲ್ಲ. ಕೇಳಿದ್ರೆ ನಾನು ಹೇಳ್ತಿರಲಿಲ್ಲವೇನೋ. ಆದ್ರೂ ಕೇಳಬೋದಿತ್ತು ಸಾರ್.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕ್ಷಮಿಸು ಎಂದು ಅವನ ಕೈ ಹಿಡಿದುಕೊಂಡೆ. ಸರ್ವಿಸಿನ ದುಡ್ಡು ಅವನು ತೆಗೆದುಕೊಳ್ಳಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸೊಂಟ, ಮೇಲಿನ ಬರ್ತು, ಅದೆಲ್ಲ ಸುಳ್ಳು. ರಿಟೈರಾದ ವರ್ಷ ಶಾಂತಲಾಳ ಜೊತೆ ಅರಸೀಕೆರೆಗೆಂದು ಯಶವಂತಪುರದಲ್ಲಿ ರೈಲು ಹತ್ತಿದೆ. ಚಿಕ್ಕಬಾಣಾವರದ ಹತ್ತಿರ ಗಾಡಿ ಗಕ್ಕನೆ ಬ್ರೇಕ್ ಹಾಕಿತು. ನನ್ನ ಕೈ ಬ್ರೇಕಿಗೆ ಹೋಯಿತು, ಅಲ್ಲಿ ಕಿಟಕಿಯ ಸರಳು ಬಿಟ್ಟು ಏನೂ ಇರಲಿಲ್ಲ. ಮೈಯೆಲ್ಲ ಬೆವರು. ಹೊಟ್ಟೆ ಕೆಟ್ಟಿದೆ ಎಂದು ಸುಳ್ಳು ಹೇಳಿ ಚಿಕ್ಕಬಾಣಾವರದಲ್ಲೇ ಇಳಿದೆ, ಆಟೋ ಮಾಡಿಕೊಂಡು ಮನೆಗೆ ಬಂದೆವು. ಆಮೇಲೆ ನಾನು ರೈಲು ಹತ್ತಿಲ್ಲ. ಪುಕ್ಕಟೆ ಪಾಸು ಪ್ರತಿ ವರ್ಷ ಬೀರುವಿನಲ್ಲೇ ವಾಯಿದೆ ಮೀರುತ್ತದೆ. ಕಾರಿನಲ್ಲಿ ಬ್ರೇಕ್ ನನ್ನ ಕಾಲ ಕೆಳಗಿರುತ್ತದೆ, ಅದಕ್ಕೆ ಕಾರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರೆದದ್ದನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಅವನಿಗೆ ಹೇಳಲು ನನ್ನ ಹತ್ತಿರ ಈಗ ಒಂದು ಮಾತೂ ಇಲ್ಲ. ಆದರೂ ಬರಬೇಕು ಅನ್ನಿಸುತ್ತಿದೆ. ಬಾ ಎಂದು ಒಂದು ಸಾಲು ಬರೆದರೆ ಹೊರಡುತ್ತೇನೆ. ಬೇಡವೆಂದರೆ ತಪ್ಪು ತಿಳಿಯುವುದಿಲ್ಲ.

ಅಣ್ಣ


ನಾಗಪುರ
1 ಜನವರಿ 2025

ಅಣ್ಣ,

ಬಾ. ಕಾರಿನಲ್ಲೇ ಬಾ.

ನಾನೂ ನಿನ್ನಿಂದ ಒಂದು ಮುಚ್ಚಿಟ್ಟಿದ್ದೆ. ನವೆಂಬರ್ ಹತ್ತರಂದು ಅವನನ್ನು ನಾನೇ ನಿಮ್ಮಲ್ಲಿಗೆ ಕರೆತರಬೇಕೆಂದು ಟಿಕೆಟ್ ಮಾಡಿಸಿದ್ದೆ. ಈ ಯಾರ್ಡಿನ ಸದ್ದಿನಿಂದ ದೂರ, ನಿಮ್ಮ ಕೆರೆಯ ದಂಡೆಯಲ್ಲಿ ನಾಲ್ಕು ದಿನ ಓಡಾಡಲಿ ಎಂದು. ಸ್ಟೇಷನ್ನಿನ ತನಕ ಬಂದ. ಗಾಡಿ ಪ್ಲಾಟ್‌ಫಾರಂಗೆ ಬರುತ್ತಿದ್ದ ಹಾಗೆ ಕಂಬ ಹಿಡಿದುಕೊಂಡು ಕೂತುಬಿಟ್ಟ. ಇಬ್ಬರು ಹಮಾಲಿಗಳು ಸೇರಿ ಅವನ ಬೆರಳು ಬಿಡಿಸಬೇಕಾಯಿತು. ಎಲ್ಲರೂ ನೋಡುತ್ತಿದ್ದರು. ನಾಚಿಕೆಯಿಂದ ಅದನ್ನು ನಿನಗೆ ಬರೆಯಲಿಲ್ಲ. ಇಂಜಿನ್ ಡ್ರೈವರನ ಸೋದರಳಿಯ ರೈಲಿಗೆ ಹೆದರುತ್ತಾನೆ ಎಂದು ನಿನಗೆ ಹೇಗೆ ಬರೆಯಲಿ ಎಂದುಕೊಂಡೆ.

ನನಗೆ ಬೇಕಾಗಿದ್ದದ್ದು ಕಾರೇ. ನೀನು ತರುತ್ತೇನೆ ಎಂದಾಗಲೆಲ್ಲ ನಾನೇ ಬೇಡವೆಂದೆ. ನಿನ್ನದು ಹುಚ್ಚು ಶೋಕಿ ಎಂದು ತಿಳಿದೆ. ನಿನಗೂ ಹಾಗೆ ಆಗುತ್ತದೆ ಎಂದು ಒಂದು ಮಾತು ಬರೆದಿದ್ದರೆ ಡಿಸೆಂಬರ್ ಮೊದಲ ವಾರದಲ್ಲೇ ಅವನು ಅಲ್ಲಿರುತ್ತಿದ್ದ. ನಾನೂ ಬರೆಯಲಿಲ್ಲ. ಇಬ್ಬರಿಗೂ ಬುದ್ಧಿಯಿಲ್ಲ.

ನಿನ್ನ ಈ ಕಾಗದ ಅವನಿಗೆ ಕೊಟ್ಟೆ. ಬೆಳಿಗ್ಗೆ ಅವನ ಬ್ಯಾಗು ಹೊರಗಿತ್ತು.

ಇವರು ಒಂದು ಮಾತು ಬರೆಯಲು ಹೇಳಿದ್ದಾರೆ. ಅವನ ರಜೆ ಜನವರಿ ಇಪ್ಪತ್ತಕ್ಕೆ ಮುಗಿಯುತ್ತದೆ. ಅವತ್ತು ಡ್ಯೂಟಿಗೆ ಹಾಜರಾಗದಿದ್ದರೆ ಕೆಲಸ ಉಳಿಯುವುದು ಕಷ್ಟವಂತೆ. ಅಷ್ಟರೊಳಗೆ ಭಾವ ಅವನನ್ನು ಸರಿಮಾಡಿ ಕಳಿಸಲಿ ಎನ್ನುತ್ತಾರೆ. ನನಗೂ ಆ ಆಸೆ ಇಲ್ಲವೆಂದು ಹೇಳಲಾರೆ. ನಾಲ್ಕು ವರ್ಷ ಓದಿ ಗಿಟ್ಟಿಸಿದ ಕೆಲಸ.

ಪಂಕಜಾ


ಪುಟ್ಟೇನಹಳ್ಳಿ
16 ಜನವರಿ 2025

ಪಂಕಜಾಗೆ ಆಶೀರ್ವಾದ.

ನಿನ್ನೆ ಸಂಜೆ ಮನೆ ತಲುಪಿದ್ದನ್ನು ಶಾಂತಲಾ ಫೋನಿನಲ್ಲಿ ಹೇಳಿದಳಲ್ಲ. ಉಳಿದದ್ದನ್ನು ಬರೆಯುತ್ತೇನೆ. ಸ್ಪೀಡ್ ಪೋಸ್ಟಿಗೆ ಹಾಕಿದರೆ ಇಪ್ಪತ್ತರೊಳಗೆ ನಿನ್ನ ಕೈ ಸೇರಬೇಕು.

ಹದಿಮೂರರಂದು ನಿಮ್ಮ ಮನೆಯಿಂದ ಹೊರಟೆವಲ್ಲ, ಬೂಟಿಬೋರಿ ದಾಟುವ ತನಕ ಅವನು ಕಣ್ಣು ಮುಚ್ಚಿಕೊಂಡಿದ್ದ. ಕಿಟಕಿಯ ಗಾಳಿಗೆ ನನ್ನ ಕಿವಿಯ ಮಿಷನ್ ಕಿರ್ ಎನ್ನುತ್ತದೆ, ತೆಗೆದು ಜೇಬಿಗೆ ಹಾಕಿದ್ದೆ. ಹಿಂಗಣಘಾಟ ಬಂದಾಗ ಅವನು ನನ್ನ ತೋಳು ಮುಟ್ಟಿ ಎಡಗಡೆಗೆ ಕೈ ತೋರಿಸಿದ. ಹತ್ತಿಹೊಲದ ನಡುವೆ ಮಣ್ಣಿನ ದಾರಿ ಇತ್ತು. ತಿರುಗಿಸಿದೆ. ಸುಮಾರು ದೂರ ಹೋದ ಮೇಲೆ ಹಳಿ ಕಾಣಿಸಿತು. ನಿಲ್ಲಿಸು ಎಂದು ಕೈ ಮಾಡಿದ. ಬಾಗಿಲಿನ ಹಿಡಿಗೆ ಕೈ ಹಾಕಿದ, ಬಾಗಿಲು ಮಾತ್ರ ತೆರೆಯಲಿಲ್ಲ.

ಅಲ್ಲಿಯವರೆಗೂ ನಾನು ಏನು ಮಾಡಬೇಕೆಂದು ಯೋಚಿಸಿರಲಿಲ್ಲ. “ನೀನು ಗಾಡೀಲಿ ಕೂತಿರು, ನಾನು ಇಳಿದು ನೋಡ್ಕೊಂಡು ಬರ್ತೀನಿ” ಎಂದೆ.

ಅವನು ಕೈ ತೆಗೆದ. ನಾನು ಇಳಿದೆ.

ಹಳಿಯ ಪಕ್ಕಕ್ಕೆ ನಡೆದು ಹೋದೆ. ಇಂಜಿನ್‌ನಿಂದ ನೋಡಿದರೆ ಹಳಿ ಹತ್ತಿರ ಕಾಣುತ್ತದೆ, ನಡೆದರೆ ತುಂಬ ದೂರ. ಅಲ್ಲಿ ಏನೂ ಇರಲಿಲ್ಲ. ಜಲ್ಲಿಕಲ್ಲು, ಜಾಲಿಮುಳ್ಳಿಗೆ ಸಿಕ್ಕಿಕೊಂಡ ಹತ್ತಿ, ಯಾರೋ ಬಿಸಾಡಿದ ನೀರಿನ ಬಾಟಲಿ. ಎರಡು ತಿಂಗಳಾಗಿದೆ, ಇನ್ನೇನಿರುತ್ತದೆ? ಆದರೂ ನಿಂತೆ. ಆ ಮನುಷ್ಯನ ಹೆಸರು ನನಗೆ ಗೊತ್ತಿಲ್ಲ. ಗೌರಿಬಿದನೂರಿನ ಹೆಂಗಸಿನ ಹೆಸರೂ ಗೊತ್ತಿಲ್ಲ. ಹನ್ನೊಂದರಲ್ಲಿ ಒಂದು ಹೆಸರೂ ಗೊತ್ತಿಲ್ಲ. ಕೈ ಮುಗಿದೆ, ಅಷ್ಟೇ ನನಗೆ ತೋಚಿದ್ದು. ಅಷ್ಟರಲ್ಲಿ ಒಂದು ಗೂಡ್ಸ್ ಬಂತು. ಹಾರ್ನ್ ನನ್ನ ಕಿವಿಗೆ ಕೇಳಿಸಲಿಲ್ಲ, ಎದೆಗೆ ಬಡಿಯಿತು. ಪಕ್ಕಕ್ಕೆ ಸರಿದು ತಲೆಯೆತ್ತಿ ನೋಡಿದೆ. ಕೆಳಗೆ ನಿಂತವನಿಗೆ ಇಂಜಿನ್‌ನಲ್ಲಿ ಕೂತವರ ಮುಖ ಕಾಣುವುದಿಲ್ಲ, ಗಾಜಿನಲ್ಲಿ ಬರೀ ಆಕಾಶ ಕಾಣುತ್ತದೆ. ಇದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಹಿಂದೆ ಬಂದಾಗ ಅವನು ನನ್ನ ಸೀಟಿಗೆ ಸರಿದು ಕೂತಿದ್ದ, ಸ್ಟಿಯರಿಂಗ್ ಹಿಡಿದುಕೊಂಡು. ನಾನು ಈ ಕಡೆಯ ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ. ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ: ಕಲ್ಲು, ಹತ್ತಿ, ಬಾಟಲಿ. ಹೆದರಿಕೆಯಾಯಿತು ಎಂದೂ ಹೇಳಿದೆ. ಅವನು ಗಾಡಿ ತಿರುಗಿಸಿ ಹೆದ್ದಾರಿಗೆ ತಂದ.

ಪಾಂಢರಕವಡಾ ದಾಟಿದ ಮೇಲೆ ನೋಡುತ್ತೇನೆ, ಅವನ ತುಟಿ ಅಲುಗಾಡುತ್ತಿತ್ತು. ಮೊದಲು ಹಾಡೇನೋ ಎಂದುಕೊಂಡೆ. ಅಲ್ಲ, ಮಾತಾಡುತ್ತಿದ್ದ. ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಬಿಟ್ಟೂ ಬಿಡದೆ. ನನ್ನ ಕಿವಿಯಲ್ಲಿ ಮಿಷನ್ ಇಲ್ಲವೆಂದು ಅವನಿಗೆ ಗೊತ್ತಿತ್ತು. ಎರಡು ಸಲ ನನ್ನ ಕೈ ಜೇಬಿಗೆ ಹೋಯಿತು. ನಿನ್ನ ನೆನಪಾಯಿತು, ಅವನು ಏನು ಹೇಳಿದ ಎಂದು ನೀನು ಕೇಳುತ್ತೀಯಲ್ಲ ಎಂದು. ಆದರೆ ನನಗೆ ಕೇಳುತ್ತದೆ ಎಂದು ತಿಳಿದರೆ ಅವನು ನಿಲ್ಲಿಸಿಬಿಡುತ್ತಾನೆ ಅನ್ನಿಸಿತು. ಕೈ ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಒಂದು ಕಡೆ ಗಾಡಿ ನಿಲ್ಲಿಸಿ ಅತ್ತ, ನಾನು ಬೆನ್ನ ಮೇಲೆ ಕೈಯಿಟ್ಟೆ. ಮತ್ತೆ ಹೊರಟ, ಮತ್ತೆ ಮಾತಾಡಿದ. ಆದಿಲಾಬಾದಿನ ತನಕ ಮಾತಾಡಿದ. ಅಲ್ಲಿ ನಿದ್ದೆ ಮಾಡಿದ, ಬೆಳಿಗ್ಗೆ ಒಂಬತ್ತಾದರೂ ಎಬ್ಬಿಸಲಿಲ್ಲ. ನನ್ನ ಟೈಂ ಟೇಬಲ್ ಅಲ್ಲಿಗೆ ಮುಗಿಯಿತು. ಆದ್ದರಿಂದ ಪಂಕಜಾ, ಅವನು ಏನು ನೋಡಿದ, ಆ ಇಪ್ಪತ್ತು ನಿಮಿಷ ಏನಾಯಿತು, ನನ್ನನ್ನು ಕೇಳಬೇಡ. ನನಗೆ ತಿಳಿಯದು. ಮುಂದೆ ನಿನಗೆ ಹೇಳಿದರೆ ಸುಮ್ಮನೆ ಕೇಳಿಸಿಕೋ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಶಾಂತಲಾಳನ್ನು “ಅತ್ತೆ, ಇನ್ನೊಂದು ಸೌಟು ಹಾಕಿ” ಎಂದು ಕೇಳಿದನಂತೆ. ಅವಳು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಸರಿಹೋದ ಎಂದು ನಾನು ಬರೆಯುವುದಿಲ್ಲ. ಈಗಲೂ ಕೈ ತೊಳೆಯುತ್ತಾ ನಿಲ್ಲುತ್ತಾನೆ. ಇಲ್ಲಿ ಒಬ್ಬ ಡಾಕ್ಟರನ್ನು ಸೋಮವಾರಕ್ಕೆ ಗೊತ್ತು ಮಾಡಿದ್ದೇವೆ.

ಇನ್ನು ಇಪ್ಪತ್ತನೇ ತಾರೀಖಿನ ಮಾತು. ಹೊರಡುವಾಗ ಗೇಟಿನ ಹತ್ತಿರ ಭಾವನವರು ನನ್ನ ಕೈ ಹಿಡಿದು ಕೇಳಿಕೊಂಡರು, ನಾನು ಹೂಂ ಎಂದೆ. ಆ ಮಾತಿಗೆ ನಾನು ತಪ್ಪುತ್ತಿದ್ದೇನೆ. ಇಪ್ಪತ್ತಕ್ಕೆ ಅವನು ಬರುವುದಿಲ್ಲ. ಮುಂದೆ ಅವನಾಗಿ ಹೋಗುತ್ತೇನೆ ಎಂದರೆ ನಾನೇ ಅದೇ ಕಾರಿನಲ್ಲಿ ಬಿಟ್ಟು ಬರುತ್ತೇನೆ. ಎನ್ನದಿದ್ದರೆ ಇಲ್ಲ. ಕೆಲಸ ಹೋಗಬಹುದು, ನಿನಗೆ ಸಂಕಟವಾಗುತ್ತದೆ, ನನಗೂ ಆಗುತ್ತದೆ. ಆಫೀಸಿನವರು ಯಾಕೆ ಬರಲಿಲ್ಲ ಎಂದು ಕೇಳಿದರೆ ಅವನ ಮಾವ ಬಿಡಲಿಲ್ಲ ಎಂದು ಬರೆದುಕೊಡಿ, ನನ್ನ ಹೆಸರು, ನನ್ನ ಹಳೆಯ ನಂಬರು ಹಾಕಿ. ಇಪ್ಪತ್ತಾರು ವರ್ಷ ಬೇರೆಯವರ ಮಕ್ಕಳನ್ನು ಟಾರ್ಚ್ ಕೊಟ್ಟು ಇಳಿಸಿದ್ದೇನೆ. ಇವನನ್ನು ಇಳಿಸಲು ನನ್ನಿಂದ ಆಗುವುದಿಲ್ಲ, ಪಂಕಜಾ.

ನಿನ್ನ ಅಣ್ಣ,
ಸುಬ್ರಹ್ಮಣ್ಯ